ಕುಮಟೆಯ ಹೊಲಿಗೆ, ಮಲ್ಪೆಯ ಹರಕು: ಕರಾವಳಿಯ ಹಳೇ ಬಿರುಕಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜಿಯಾಲಜಿ ಓದಿದವನು ಅಂತ ಗೊತ್ತಾದರೆ ಮುಗೀತು, ಊರಿನ ಮದುವೆಮನೆಯಲ್ಲಿ ಬಾಳೆಲೆ ಮುಂದೆ ಕೂತಿರುವಾಗಲೇ ಶುರುವಾಗುತ್ತದೆ. "ತಮಾ, ಕುಮಟೆ ಅಡಿಗೆ ದೊಡ್ಡ ಬಿರುಕು ಇದ್ದಡ, ಹೌದನಾ?" ಅಂತ ಒಬ್ಬರು. ಭೂಕಂಪ ಆದರೆ ಮನೆ ಉಳಿಯುತ್ತದಾ ಅಂತ ಇನ್ನೊಬ್ಬರು. ಪಾಯಸ ಬರುವಷ್ಟರಲ್ಲಿ ಆಫ್ರಿಕಾ ಪಕ್ಕದ ಮಡಗಾಸ್ಕರ್ ದ್ವೀಪ ಕೂಡ ಮಾತಿಗೆ ಬಂದಿರುತ್ತದೆ. ಪ್ರತಿ ಸಲ ಅರ್ಧ ಹೇಳಿ ಕೈ ತೊಳೆಯಲು ಏಳುವುದಕ್ಕಿಂತ ಎಲ್ಲವನ್ನೂ ಒಂದೇ ಕಡೆ ಬರೆದಿಡೋಣ ಅಂತ ಕೂತಿದ್ದೇನೆ.

ನೇರವಾಗಿ ಹೇಳಿ, ಕುಮಟೆ ಕೆಳಗೆ ಬಿರುಕು ಇದೆಯಾ?

ಇದೆ, ಆದರೆ ನೀವು ಅಂದುಕೊಂಡ ಹಾಗಲ್ಲ. ಬಿರುಕು ಅಂದ ಕೂಡಲೇ ನೆಲ ಬಾಯಿ ಬಿಟ್ಟುಕೊಂಡ ಚಿತ್ರ ಕಣ್ಮುಂದೆ ಬರುತ್ತದೆ. ಅಂಥದ್ದೇನೂ ಇಲ್ಲಿಲ್ಲ. ಇಲ್ಲಿರುವುದು ಸುಮಾರು 15 ಕಿ.ಮೀ. ಅಗಲದ ಒಂದು ಪಟ್ಟಿ. ಅದರೊಳಗಿನ ಕಲ್ಲುಗಳು ಒಂದು ಕಾಲದಲ್ಲಿ ನೆಲದ ಆಳದಲ್ಲಿ ಒಂದಕ್ಕೊಂದು ಉಜ್ಜಿಕೊಂಡು, ನಲುಗಿ, ಎಳೆದಾಡಿಸಿಕೊಂಡು ಹಾಳೆ ಹಾಳೆಯಾಗಿವೆ. ಶಾಲೆಯಲ್ಲಿ ಸ್ತರಭಂಗ ಅಂತ ಓದಿರುತ್ತೀರಿ, ಅಂದರೆ ಫಾಲ್ಟು. ಕುಮಟೆಯದ್ದು ಬರೀ ಫಾಲ್ಟಲ್ಲ. ಬೇರೆ ಬೇರೆಯಾಗಿದ್ದ ಎರಡು ಭೂಖಂಡದ ತುಂಡುಗಳು ಬಂದು ಕೂಡಿಕೊಂಡ ಜಾಗ ಇದು ಅನ್ನುವುದು ವಾದ. ಅದಕ್ಕೇ 'ಕುಮಟಾ ಸೂಚರ್' ಅನ್ನುತ್ತಾರೆ. ಸೂಚರ್ ಅಂದರೆ ಹೊಲಿಗೆ, ಆಪರೇಷನ್ ಆದಮೇಲೆ ಡಾಕ್ಟರು ಹಾಕುತ್ತಾರಲ್ಲ, ಅದೇ ಪದ. (ಹೋಳಿಗೆ ಅಲ್ಲ, ಹೊಲಿಗೆ. ಹೋಳಿಗೆ ವಿಷಯಕ್ಕೂ ಬರುತ್ತೇನೆ, ಸ್ವಲ್ಪ ತಡೆಯಿರಿ.)

ಯಾವ ಎರಡು ತುಂಡು?

ಪಶ್ಚಿಮಕ್ಕೆ ಕಾರವಾರದ ತುಂಡು, ಪೂರ್ವಕ್ಕೆ ಶಿರಸಿ ಕಡೆಯಿಂದ ಶುರುವಾಗುವ ಧಾರವಾಡದ ಹಳೇ ನೆಲ. ಕಾರವಾರದ ಕಡೆಯ ಕಲ್ಲುಗಳಿಗೆ ಸುಮಾರು 320 ಕೋಟಿ ವರ್ಷ ವಯಸ್ಸು. ಅಂದರೆ ತುಂಡುಗಳು ಹಳೆಯವು, ಅವು ಕೂಡಿಕೊಂಡದ್ದು ಅದಕ್ಕಿಂತ ಎಷ್ಟೋ ಈಚೆಗೆ, ಸುಮಾರು 130 ಕೋಟಿ ವರ್ಷದ ಹಿಂದೆ. ಈಚೆಗೆ ಅಂತ ಬರೆಯುವಾಗ ನನಗೇ ನಗು ಬರುತ್ತದೆ. ಆದರೆ ಈ ಲೆಕ್ಕದಲ್ಲಿ ಡೈನೋಸಾರುಗಳು ನಿನ್ನೆ ಮೊನ್ನೆಯವು.

ನಾನು ಅದೇ ರಸ್ತೆಯಲ್ಲಿ ವಾರಕ್ಕೊಮ್ಮೆ ಓಡಾಡುತ್ತೇನೆ, ಏನೂ ಕಂಡಿಲ್ಲವಲ್ಲ?

ಬಸ್ಸಿನ ಕಿಟಕಿಯಿಂದ ಕಾಣುವುದಿಲ್ಲ, ಇಳಿಯಬೇಕು. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟೆಗೆ ಬರುವ ದಾರಿ ಘಟ್ಟದ ಮೇಲಿನ ನೆಲದಿಂದ ಈ ಪಟ್ಟಿಯ ಕಡೆಗೇ ಇಳಿಯುತ್ತದೆ. ರಸ್ತೆಗೆ ಗುಡ್ಡ ಕಡಿದ ಕಡೆ ಕಲ್ಲಿನ ಹಸಿ ಮೈ ಕಾಣುತ್ತದೆ. ಮಳೆ ನಿಂತ ಮೇಲೆ ಒಮ್ಮೆ ಅಲ್ಲಿ ಬೈಕು ನಿಲ್ಲಿಸಿ, ಉದುರಿ ಬಿದ್ದಿದ್ದ ಒಂದು ತುಂಡು ಎತ್ತಿಕೊಂಡಿದ್ದೆ. ಹಳೇ ಪುಸ್ತಕದ ಹಾಳೆ ಅಂಟಿಕೊಂಡಿರುತ್ತದಲ್ಲ, ಹಾಗಿತ್ತು. ಉಗುರಲ್ಲಿ ಬಿಡಿಸಿದರೆ ಪದರ ಪದರವಾಗಿ ಬಂತು. ಬೈಕಿನ ಹ್ಯಾಂಡಲ್ ಹಿಡಿದರೆ ಹ್ಯಾಂಡಲ್ಲೂ ಮಿಂಚು, ಅಂಗೈಯೂ ಮಿಂಚು. ಕಾಗೆಬಂಗಾರ! ಅಭ್ರಕ ಅಂತ ಪುಸ್ತಕದವರು ಹೇಳುವುದು ಇದನ್ನೇ. ಮನೆಗೆ ಹೋದ ಮೇಲೆ ಅಮ್ಮ ಅಂಗಿ ಕೊಡವುತ್ತಾ, "ಯಾವ ನಾಟಕದಲ್ಲಿ ಪಾರ್ಟು ಮಾಡಿ ಬಂದೆ ಮಾರಾಯ?" ಅಂತ ಕೇಳಿದ್ದಳು.

ಈ ಪಟ್ಟಿಯಲ್ಲಿ ಕಾಗೆಬಂಗಾರದ ಕಲ್ಲು ಒಂದೇ ಅಲ್ಲ, ಗಾರ್ನೆಟ್ಟಿನ ಕೆಂಪು ಕಾಳುಗಳಿರುವ ಕಲ್ಲು, ಹಸಿರು ಛಾಯೆಯ ಕ್ಲೋರೈಟ್ ಕಲ್ಲು, ಕ್ರೋಮಿಯಂ ಸೇರಿ ಹಸಿರಾದ ಕಾಗೆಬಂಗಾರ, ಅಮೃತಶಿಲೆಯ ಜಾತಿಯವು, ಎಲ್ಲ ಅಕ್ಕಪಕ್ಕ ಸಿಗುತ್ತವೆ. ಬೇರೆ ಬೇರೆ ಹುಟ್ಟಿನ ಕಲ್ಲುಗಳು ಹೀಗೆ ಒಂದೇ ಕಡೆ ಹಿಂಡಿಕೊಂಡಿದ್ದರೆ ಅಲ್ಲಿ ಏನೋ ನಡೆದಿದೆ ಅಂತ ಅನುಮಾನ ಬರಲೇಬೇಕು.

ಕಲ್ಲು ಗಟ್ಟಿ. ಅದು ಮುರಿಯಬೇಕಲ್ವಾ, ಹಾಳೆ ಹೇಗಾಗುತ್ತದೆ?

ಇಲ್ಲಿ ಹೋಳಿಗೆ ಬರುತ್ತದೆ. ನೆಲದ ಮೇಲಿನ ಹತ್ತು ಹನ್ನೆರಡು ಕಿಲೋಮೀಟರಿನಲ್ಲಿ ಕಲ್ಲು ತಣ್ಣಗಿರುತ್ತದೆ, ಒತ್ತಿದರೆ ಹಪ್ಪಳದ ಹಾಗೆ ಒಡೆಯುತ್ತದೆ. ಭೂಕಂಪ ಅಂದರೆ ಹೆಚ್ಚುಕಮ್ಮಿ ಇದೇ. ಅದಕ್ಕಿಂತ ಕೆಳಗೆ ಬಿಸಿ ಜಾಸ್ತಿ. ಬೆಣಚುಕಲ್ಲಿನಂಥ ಗಟ್ಟಿ ಖನಿಜವೂ ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕರಗದೆಯೇ ಮೆತ್ತಗಾಗುತ್ತದೆ, ಲಕ್ಷಾಂತರ ವರ್ಷ ಒತ್ತಿದರೆ ಕಣಕದ ಹಾಗೆ ಹಿಗ್ಗುತ್ತದೆ. ಹೋಳಿಗೆ ಲಟ್ಟಿಸುವಾಗ ಹೂರಣದಲ್ಲಿ ಸರಿಯಾಗಿ ಅರೆಯದ ಬೇಳೆ ಉಳಿದಿದ್ದರೆ ಏನಾಗುತ್ತದೆ ನೋಡಿ: ಸುತ್ತಲಿನದೆಲ್ಲ ತೆಳ್ಳಗೆ ಹರಡಿಕೊಳ್ಳುತ್ತದೆ, ಬೇಳೆ ಮಾತ್ರ ಗುಬುಟಾಗಿ ಉಳಿಯುತ್ತದೆ, ಅದರ ಎರಡು ಬದಿಗೆ ಹೂರಣ ಬಾಲದ ಹಾಗೆ ಎಳೆದುಕೊಂಡಿರುತ್ತದೆ. ಕಲ್ಲಿನಲ್ಲೂ ಥೇಟ್ ಹಾಗೇ. ಗಟ್ಟಿ ಕಾಳು ಕಣ್ಣಿನ ಆಕಾರದಲ್ಲಿ ಉಳಿದು, ಉಳಿದದ್ದು ಅದನ್ನು ಬಳಸಿಕೊಂಡು ಹರಿದಿರುತ್ತದೆ. ಆ ಬಾಲ ಯಾವ ಕಡೆ ತಿರುಗಿದೆ ಅಂತ ನೋಡಿ ಲಟ್ಟಣಿಗೆ ಯಾವ ಕಡೆ ಓಡಿತು ಅಂತ ಹೇಳಬಹುದು. ಭೂವಿಜ್ಞಾನದಲ್ಲಿ ನನಗೆ ಅತ್ಯಂತ ಇಷ್ಟವಾದ ಪತ್ತೇದಾರಿಕೆ ಇದು.

130 ಕೋಟಿ ಅಂತ ಹೇಗೆ ಹೇಳುತ್ತಾರೆ? ಸುಮ್ನೆ ಅಂದಾಜಾ?

ಅಲ್ಲ. ಕೈಗೆ ಮೆತ್ತಿಕೊಂಡ ಆ ಕಾಗೆಬಂಗಾರವೇ ಗಡಿಯಾರ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಅದರ ಒಂದು ಜಾತಿ, ಪೊಟ್ಯಾಸಿಯಂ-40, ತನ್ನಷ್ಟಕ್ಕೆ ಸವೆಯುತ್ತಾ ಹೋಗುತ್ತದೆ. ಅರ್ಧ ಸವೆಯಲು ಸುಮಾರು 125 ಕೋಟಿ ವರ್ಷ. ಸವೆದದ್ದರಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟು ಆರ್ಗಾನ್ ಅನಿಲ ಆಗುತ್ತದೆ, ಉಳಿದದ್ದು ಕ್ಯಾಲ್ಸಿಯಂ. ಕಲ್ಲು ಬಿಸಿಯಾಗಿದ್ದಾಗ ಅನಿಲ ಸೋರಿಹೋಗುತ್ತದೆ. 300–400 ಡಿಗ್ರಿಗಿಂತ ಕೆಳಗೆ ತಣಿದ ಮೇಲೆ ಕಾಗೆಬಂಗಾರದ ಪದರಗಳ ನಡುವೆ ಸಿಕ್ಕಿಬೀಳುತ್ತದೆ. ಪ್ರಯೋಗಾಲಯದಲ್ಲಿ ಕಾಯಿಸಿ, ಹೊರಬಂದ ಆರ್ಗಾನ್ ಅಳೆದು, ಉಳಿದ ಪೊಟ್ಯಾಸಿಯಂ ಜೊತೆ ತಾಳೆ ಹಾಕಿದರೆ ಎಷ್ಟು ವರ್ಷದಿಂದ ಕೂಡಿಟ್ಟದ್ದು ಅಂತ ಸಿಗುತ್ತದೆ. ಕುಮಟೆಯ ಕಲ್ಲುಗಳಲ್ಲಿ ಸಿಕ್ಕಿದ್ದು 130 ಕೋಟಿಯ ಆಸುಪಾಸು. ಅಂದರೆ ಶುರುವಿನಲ್ಲಿದ್ದ ಪೊಟ್ಯಾಸಿಯಂ-40ರಲ್ಲಿ ಅರ್ಧ ಈಗಾಗಲೇ ಖಾಲಿ.

ಒಂದು ಮಾತು ನೆನಪಿಡಿ. ಇದು ಕಲ್ಲು ತಣಿದ ದಿನದ ಲೆಕ್ಕ. ಡಿಕ್ಕಿ ಹೊಡೆದ ದಿನ ಅದಕ್ಕಿಂತ ಸ್ವಲ್ಪ ಹಿಂದೆ ಇರಲೇಬೇಕು.

ಇದನ್ನು ಎಲ್ಲರೂ ಒಪ್ಪಿದ್ದಾರಾ?

ಇಲ್ಲ. 2013ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಇದ್ದ ಒಂದು ತಂಡ ಕುಮಟಾ ಹೊಲಿಗೆಯನ್ನು ವಿವರವಾಗಿ ಮಂಡಿಸಿತು. ಅದರ ಜೊತೆಗೆ ಇನ್ನೊಂದು ಮಾತನ್ನೂ ಹೇಳಿತು: ಈ ಹೊಲಿಗೆ ಕುಮಟೆಯ ಕಡಲಲ್ಲಿ ಮುಗಿಯುವುದಿಲ್ಲ, ಮಡಗಾಸ್ಕರ್‌ನ ಪೂರ್ವ ಭಾಗದ ಬೆಟ್ಸಿಮಿಸರಕ ಅನ್ನುವ ಪಟ್ಟಿಯಲ್ಲಿ ಮುಂದುವರಿಯುತ್ತದೆ. ತಕರಾರು ಇರುವುದು ಮುಖ್ಯವಾಗಿ ಅಲ್ಲಿ. ಬೆಟ್ಸಿಮಿಸರಕದ್ದು ಎಷ್ಟೋ ಈಚಿನದು ಅಂತ ಕೆಲವರು, ಅಲ್ಲಿ ಹೊಲಿಗೆಯೇ ಇಲ್ಲ ಅಂತ ಇನ್ನು ಕೆಲವರು. ನನ್ನ ಅಭಿಪ್ರಾಯ ಕೇಳಿದರೆ, ಕುಮಟೆಯಲ್ಲಿ ಕಲ್ಲು ಲಟ್ಟಿಸಿಕೊಂಡಿರುವುದನ್ನು ಕಣ್ಣಾರೆ ನೋಡಬಹುದು, ಅದನ್ನು ಇಲ್ಲ ಅನ್ನಲಾಗದು. ಅದರ ಇನ್ನೊಂದು ತುದಿ ಎಲ್ಲಿದೆ ಅನ್ನುವುದು ಇನ್ನೂ ನಡೆಯುತ್ತಿರುವ ಕೇಸು.

ಮಡಗಾಸ್ಕರ್ ನಿಜಕ್ಕೂ ನಮ್ಮ ಪಕ್ಕದಲ್ಲಿತ್ತಾ?

ಇದರಲ್ಲಿ ಜಗಳ ಇಲ್ಲ. ಭೂಪಟ ತೆಗೆದು ಮಡಗಾಸ್ಕರ್‌ನ ಪೂರ್ವ ತೀರ ನೋಡಿ, ಅಡಿಕೋಲು ಇಟ್ಟು ಗೀಟು ಎಳೆದಷ್ಟು ನೆಟ್ಟಗಿದೆ. ಆಮೇಲೆ ನಮ್ಮ ಪಶ್ಚಿಮ ಕರಾವಳಿ ನೋಡಿ, ಅದೂ ನೆಟ್ಟಗೇ. ಅಲ್ಲೂ ತೀರದ ಹಿಂದೆ ಗೋಡೆಯಂಥ ಘಟ್ಟ, ಇಲ್ಲೂ ಘಟ್ಟ. ಪಂಚೆ ಹರಿದಾಗ ಎರಡೂ ತುಂಡಿನ ಅಂಚು ಒಂದೇ ತರ ಇರುತ್ತದಲ್ಲ, ಹಾಗೆ. ಹರಿದದ್ದು ಸುಮಾರು 8.8 ಕೋಟಿ ವರ್ಷದ ಹಿಂದೆ.

ಅಂದರೆ ನಮ್ಮ ಕರಾವಳಿಯಲ್ಲಿ ಎರಡು ಘಟನೆ. ಕುಮಟೆಯಲ್ಲಿ ಹೊಲಿದದ್ದು ಒಂದು, 120 ಕೋಟಿ ವರ್ಷ ಆದಮೇಲೆ ಕಡಲ ಕಡೆ ಹರಿದದ್ದು ಇನ್ನೊಂದು. ಜನ ಇವೆರಡನ್ನೂ ಒಟ್ಟಿಗೆ ಕಲಸಿ "ಬಿರುಕು" ಅಂದುಬಿಡುತ್ತಾರೆ, ಗೊಂದಲವೆಲ್ಲ ಅಲ್ಲಿಂದ ಶುರು. ಹಳೇ ಹೊಲಿಗೆ ಇದ್ದ ಕಡೆ ಬಟ್ಟೆ ಹರಿಯುವುದು ಸುಲಭ ಅನ್ನುವುದು ಹೌದು, ಭೂಖಂಡಗಳೂ ಎಷ್ಟೋ ಕಡೆ ಹಳೇ ದುರ್ಬಲ ಜಾಗ ಹುಡುಕಿಕೊಂಡೇ ಒಡೆಯುತ್ತವೆ. ಆದರೆ ಇಲ್ಲಿ ಹರಿದ ಗೆರೆ ಹೊಲಿಗೆಯ ಗೆರೆಯನ್ನೇ ಹಿಡಿದು ಹೋಗಲಿಲ್ಲ. ಹೋಗಿದ್ದರೆ ಕಾರವಾರದ ತುಂಡು ಇವತ್ತು ಮಡಗಾಸ್ಕರ್ ಜೊತೆ ಇರುತ್ತಿತ್ತು, ನಮಗೆ ಉಳಿಯುತ್ತಿರಲಿಲ್ಲ.

ಹರಿದದ್ದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಇದೆಯಾ?

ಮಲ್ಪೆಯಿಂದ ದೋಣಿ ಹತ್ತಿ. ತೋನ್ಸೆಪಾರು ಅಂತ ಊರವರು ಕರೆಯುವ, ಟೂರಿಸ್ಟರಿಗೆ ಸೇಂಟ್ ಮೇರಿಸ್ ಆಗಿರುವ ದ್ವೀಪಗಳಲ್ಲಿ ಕಲ್ಲಿನ ಕಂಬಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಹೆಚ್ಚಿನವಕ್ಕೆ ಐದು, ಆರು ಮುಖ. ಯಾರೋ ಕಡೆದು ಜೋಡಿಸಿದ್ದಾರೆ ಅಂತ ಪಕ್ಕದಲ್ಲಿ ನಿಂತವರು ಹೇಳುವುದನ್ನು ಪ್ರತಿ ಸಲ ಕೇಳುತ್ತೇನೆ. ಯಾರೂ ಕಡೆದಿಲ್ಲ. ಭೂಖಂಡ ಹರಿಯುವಾಗ ಕೆಳಗಿನ ಕರಗಿದ ಕಲ್ಲು ಮೇಲೆ ಬಂತು, ನಿಧಾನವಾಗಿ ತಣಿಯಿತು, ತಣಿಯುವಾಗ ಕುಗ್ಗಿತು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ತಳದ ಕೆಸರು ಬಿರಿಯುವ ಹಾಗೆ ಮೇಲ್ಮೈ ಬಿರಿಯಿತು, ಆ ಬಿರುಕು ತಣಿಯುತ್ತಾ ಹೋದ ಹಾಗೆ ಒಳಕ್ಕಿಳಿದು ಕಂಬವಾಯಿತು. ಕಡಿಮೆ ಬಿರುಕಿನಲ್ಲಿ ಜಾಸ್ತಿ ಬಿಗಿತ ಸಡಿಲವಾಗಬೇಕಾದರೆ ಆರು ಮೂಲೆಯ ಆಕಾರ ಅನುಕೂಲ, ಅದಕ್ಕೇ ಜೇನುಗೂಡಿನ ಹಾಗೆ ಕಾಣುತ್ತದೆ.

ಬಹಳ ಕಡೆ ಇದನ್ನು ಬಸಾಲ್ಟ್ (ಸಿಲಿಕಾ ಕಡಿಮೆ ಇರುವ ಕಪ್ಪು ಲಾವಾ ಕಲ್ಲು) ಅಂತ ಬರೆದಿರುತ್ತಾರೆ. ತಪ್ಪು. ಇದು ಸಿಲಿಕಾ ಜಾಸ್ತಿ ಇರುವ ರಯೋಲೈಟ್, ಡೇಸೈಟ್ ಜಾತಿಯ ಕಲ್ಲು. ಬಸಾಲ್ಟ್ ನೋಡಬೇಕಾದರೆ ಬೆಳಗಾವಿ ದಾಟಿ ಮಹಾರಾಷ್ಟ್ರದ ಕಡೆ ಹೋಗಿ, ಅದು 6.6 ಕೋಟಿ ವರ್ಷದ ಹಿಂದಿನ ಬೇರೆಯೇ ಕಥೆ. ಮಲ್ಪೆಯ ಕಲ್ಲಿಗೆ ಬೇರೆ ಬೇರೆ ವಿಧಾನದಲ್ಲಿ 8.5ರಿಂದ 9.1 ಕೋಟಿ ವರ್ಷ ವಯಸ್ಸು ಸಿಕ್ಕಿದೆ. ಮಡಗಾಸ್ಕರ್‌ನ ಲಾವಾ ಕಲ್ಲುಗಳಿಗೂ ಹೆಚ್ಚುಕಮ್ಮಿ ಅಷ್ಟೇ. ಅವಳಿ ಮಕ್ಕಳ ಜನನ ಪತ್ರ ಹೊಂದಿಕೆಯಾದ ಹಾಗೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ.

ಹಾಗಾದರೆ ಪಶ್ಚಿಮ ಘಟ್ಟ ಅಂದರೆ ಆ ಹರಿದ ಅಂಚೇ?

ಮೊದಲು ಹಾಗೇ ಅಂದುಕೊಂಡಿದ್ದರು. ಪಶ್ಚಿಮ ಕರಾವಳಿ ಫಾಲ್ಟ್ ಅಂತ ಒಂದು ಗೆರೆ ಎಳೆದು, ಅದರ ಪಶ್ಚಿಮದ ನೆಲ ಕುಸಿದು ಸಮುದ್ರಕ್ಕೆ ಹೋಯಿತು, ಉಳಿದ ಗೋಡೆಯೇ ಘಟ್ಟ ಅಂತ. ಈಗ ಹೆಚ್ಚಿನವರು ಒಪ್ಪುವುದು ಬೇರೆ: ಹರಿದ ಗೆರೆ ಇರುವುದು ಕಡಲ ಕೆಳಗೆ, ತೀರಕ್ಕೆ ಸಮಾನಾಂತರವಾಗಿ. ಅಲ್ಲಿ ಹುಟ್ಟಿದ ಗೋಡೆಯನ್ನು ಕೋಟ್ಯಂತರ ವರ್ಷಗಳ ಮಳೆ ಕೊರೆದು ಕೊರೆದು ಪೂರ್ವಕ್ಕೆ ತಳ್ಳಿಕೊಂಡು ಬಂದಿದೆ. ಅದಕ್ಕೇ ಘಟ್ಟದ ನೆತ್ತಿ ಒಂದೊಂದು ಕಡೆ ಒಂದೊಂದು ದೂರ. ಭಟ್ಕಳ, ಬೈಂದೂರಿನ ಕಡೆ ಕಡಲಿಗೆ ತೀರಾ ಹತ್ತಿರ, ಬೇರೆ ಕಡೆ ಒಳಗೆ. ಫಾಲ್ಟಿನ ಗೋಡೆಯೇ ಆಗಿದ್ದರೆ ಇಷ್ಟು ಅಂಕುಡೊಂಕಾಗಿ ಇರುತ್ತಿರಲಿಲ್ಲ.

ಅಂಚು ಎತ್ತರವಾಗಿ ನೆಲ ಪೂರ್ವಕ್ಕೆ ಓಲಿರುವುದಕ್ಕೆ ಸಾಕ್ಷಿ ನಮ್ಮ ಹೊಳೆಗಳು. ಸಾಗರದ ಹತ್ತಿರ ವರದಾಮೂಲದಲ್ಲಿ ಹುಟ್ಟುವ ವರದೆಗೆ ಅರಬ್ಬೀ ಸಮುದ್ರ ಕೂಗಳತೆ ಅನ್ನುವಷ್ಟು ಹತ್ತಿರ, ಆದರೂ ಅದಕ್ಕೆ ಬೆನ್ನು ಹಾಕಿ ತುಂಗಭದ್ರೆ, ಕೃಷ್ಣೆ ಸೇರಿಕೊಂಡು ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಅದೇ ಸೀಮೆಯ ಶರಾವತಿ ಮಾತ್ರ ಪಶ್ಚಿಮಕ್ಕೆ ತಿರುಗಿ ಜೋಗದಲ್ಲಿ 253 ಮೀಟರ್ ಧುಮುಕುತ್ತಾಳೆ. ಹಾರುವ ಆ ಜಾಗವೇ ಗೋಡೆ ಇನ್ನೂ ಹಿಂದೆ ಸರಿಯುತ್ತಿರುವ ಜಾಗ.

ಪರಶುರಾಮ ಕೊಡಲಿ ಎಸೆದು ಸಮುದ್ರ ಹಿಂದೆ ಸರಿಸಿದ್ದು?

ಕಥೆಗೆ ಕಲ್ಲಿನ ಸಾಕ್ಷಿ ಕೇಳುವುದು ನನಗೆ ಇಷ್ಟವಿಲ್ಲ. ಸಮುದ್ರ ಮುಂದೆ ಹಿಂದೆ ಆಗಿರುವುದಂತೂ ನಿಜ. ಸುಮಾರು 20,000 ವರ್ಷದ ಹಿಂದೆ ಹಿಮಯುಗದಲ್ಲಿ ಕಡಲ ಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು, ಮಲ್ಪೆಯ ದ್ವೀಪಕ್ಕೆ ಆಗ ನಡೆದುಕೊಂಡೇ ಹೋಗಬಹುದಿತ್ತು.

ಬಾವಿ ತೋಡುವಾಗ ಈ ಬಿರುಕು ಸಿಗುತ್ತದಾ? ನೀರು ಜಾಸ್ತಿ ಬರುತ್ತದಾ?

ಬಾವಿ ತೋಡಿದವರಿಗೆ ಗೊತ್ತು: ಮೇಲೆ ಮಣ್ಣು, ಅದರ ಕೆಳಗೆ ಚಿರೆಕಲ್ಲು (ದಕ್ಷಿಣಕ್ಕೆ ಹೋದರೆ ಮುರಕಲ್ಲು, ಕೆಂಪುಕಲ್ಲು), ಅದರ ಕೆಳಗೆ ಮೆತ್ತಗಿನ ಶೇಡಿ ಮಣ್ಣು, ಅದರ ಕೆಳಗೆ ಗಟ್ಟಿ ಕಲ್ಲು. ಚಿರೆಕಲ್ಲು, ಶೇಡಿ ಎರಡೂ ಕೆಳಗಿನ ಕಲ್ಲು ಮಳೆಬಿಸಿಲಿಗೆ ಕೊಳೆತು ಆದದ್ದೇ. ಫ್ರಾನ್ಸಿಸ್ ಬುಕನನ್ ಕೇರಳದ ಅಂಗಡಿಪ್ಪುರದಲ್ಲಿ ಈ ಕಲ್ಲು ನೋಡಿ 1807ರಲ್ಲಿ ಲ್ಯಾಟರೈಟ್ ಅಂತ ಹೆಸರಿಟ್ಟ, ಲ್ಯಾಟಿನ್ನಿನಲ್ಲಿ ಇಟ್ಟಿಗೆ ಅಂತ ಅರ್ಥ. ಮಿರ್ಜಾನ್ ಕೋಟೆ ಕಟ್ಟಿರುವುದು ಇದರಲ್ಲೇ. ನಮ್ಮ ಮನೆಗೋಡೆಗೆ ಒಳ್ಳೆಯದು, ಭೂವಿಜ್ಞಾನಿಗೆ ಶಾಪ. ಇಡೀ ಕರಾವಳಿಗೆ ಕೆಂಪು ಕಂಬಳಿ ಹೊದೆಸಿದ ಹಾಗಾಗಿ ಕೆಳಗಿನ ಬಿರುಕು ಯಾವುದೂ ಕಾಣುವುದಿಲ್ಲ. ಹೊಳೆ ಕೊರೆದಲ್ಲಿ, ಕ್ವಾರಿಯಲ್ಲಿ, ರಸ್ತೆ ಕಡಿದಲ್ಲಿ ಮಾತ್ರ ಇಣುಕಬೇಕು.

ನೀರಿನ ವಿಷಯ: ಹೊಲಿಗೆಯ ಪಟ್ಟಿ ಬಿಸಿಯಲ್ಲಿ ಲಟ್ಟಿಸಿಕೊಂಡದ್ದು, ಅದರಲ್ಲಿ ಸಂದು ಉಳಿದಿಲ್ಲ. ನೀರು ನಿಲ್ಲುವುದು ಆಮೇಲೆ, ಮೇಲೆ, ತಣ್ಣಗಿರುವಾಗ ಒಡೆದ ಬಿರುಕುಗಳಲ್ಲಿ. ಬೋರ್‌ವೆಲ್ಲಿಗೆ ಜಾಗ ಹುಡುಕುವವರು ಹುಡುಕುವುದು ಅದನ್ನೇ. ಹಾಗಾಗಿ "ಕುಮಟೆಯಲ್ಲಿ ಬಿರುಕು ಇದೆ, ಆದ್ದರಿಂದ ನನ್ನ ಬೋರಿಗೆ ನೀರು ಬರುತ್ತದೆ" ಅನ್ನುವ ಲೆಕ್ಕ ನಡೆಯುವುದಿಲ್ಲ.

ಸರಿ, ಮುಖ್ಯ ವಿಷಯಕ್ಕೆ ಬನ್ನಿ. ಭೂಕಂಪ ಆಗುತ್ತದಾ?

ಹೊಲಿಗೆಯ ಬಗ್ಗೆ ಹೆದರಬೇಡಿ. ಅದನ್ನು ಹುಟ್ಟಿಸಿದ ಡಿಕ್ಕಿ ಮುಗಿದು 130 ಕೋಟಿ ವರ್ಷ ಆಯಿತು, ಆಗ ಆಳದಲ್ಲಿದ್ದ ಕಲ್ಲು ಈಗ ಮೇಲೆ ಬಂದು ತಣ್ಣಗಾಗಿದೆ. ಹಾಗಂತ ಕರಾವಳಿಗೆ ಭೂಕಂಪವೇ ಇಲ್ಲ ಅಂತಲ್ಲ. 2016ರ ಭೂಕಂಪ ಸಂಹಿತೆಯ ನಕ್ಷೆಯಲ್ಲಿ ನಮ್ಮ ಕರಾವಳಿ ವಲಯ 3ರಲ್ಲಿತ್ತು, ರಾಜ್ಯದ ಒಳನಾಡಿನ ಹೆಚ್ಚಿನ ಭಾಗ ವಲಯ 2ರಲ್ಲಿ (ಅಂಕಿ ಹೆಚ್ಚಿದಷ್ಟು ಅಪಾಯ ಹೆಚ್ಚು). ಕಾರಣ, ಉತ್ತರದಲ್ಲಿ ಹಿಮಾಲಯವನ್ನು ದೂಡುತ್ತಿರುವ ಒತ್ತಡ ಇಡೀ ಪರ್ಯಾಯ ದ್ವೀಪದ ಮೇಲೂ ಇದೆ, ಹಳೇ ಬಿರುಕುಗಳು ಅಲ್ಲಲ್ಲಿ ಒಂಚೂರು ಜಾರಿ ಅದನ್ನು ತೀರಿಸಿಕೊಳ್ಳುತ್ತವೆ. 2022ರ ಜೂನ್ ಕೊನೆಯಲ್ಲಿ ಸುಳ್ಯ, ಸಂಪಾಜೆ, ಚೆಂಬು ಕಡೆ ಪಾತ್ರೆ ಅಲ್ಲಾಡಿಸಿದ ನಡುಕಗಳು ಅಂಥವು, ತೀವ್ರತೆ 3ರ ಆಸುಪಾಸು.

ದೊಡ್ಡದು ಅಂದರೆ ಮಹಾರಾಷ್ಟ್ರದ ಕೊಯ್ನಾ, 1967ರ ಡಿಸೆಂಬರ್. ತೀವ್ರತೆ 6ಕ್ಕಿಂತ ಹೆಚ್ಚು, ಸತ್ತವರು ಸುಮಾರು 180. ಅಲ್ಲಿ ಅಣೆಕಟ್ಟಿನ ನೀರಿನ ಭಾರ, ಸಂದಿಗೆ ಇಳಿದ ನೀರಿನ ಒತ್ತಡ ಎರಡೂ ಸೇರಿ ಹಳೇ ಬಿರುಕನ್ನು ಎಬ್ಬಿಸಿದವು ಅನ್ನುವುದು ಇಡೀ ಲೋಕದಲ್ಲಿ ಪಾಠವಾಗಿರುವ ಉದಾಹರಣೆ. ನನ್ನನ್ನು ಕೇಳಿದರೆ, ಮನೆ ಕಟ್ಟುವಾಗ ಸುತ್ತಲೂ ಒಂದು ಬೆಲ್ಟ್ ಬೀಮ್ (ಗೋಡೆಗಳನ್ನು ಒಟ್ಟಿಗೆ ಹಿಡಿದಿಡುವ ಕಾಂಕ್ರೀಟಿನ ಪಟ್ಟಿ) ಹಾಕಿಸಿ. ವಾಸ್ತುವಿಗೆ ಖರ್ಚು ಮಾಡುವುದರಲ್ಲಿ ಕಾಲು ಭಾಗವೂ ಬೇಡ.

2024ರಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಈ ಬಿರುಕಿನಿಂದಲಾ?

ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಜುಲೈ 16ರಂದು ಗುಡ್ಡ ಹೆದ್ದಾರಿಯ ಮೇಲೆ ಬಂದು ಗಂಗಾವಳಿ ಹೊಳೆಯವರೆಗೂ ಹೋಯಿತು, ಜೀವಗಳೂ ಹೋದವು. ಅದನ್ನು 130 ಕೋಟಿ ವರ್ಷದ ಹಿಂದಿನ ಘಟನೆಯ ತಲೆಗೆ ಕಟ್ಟುವುದು ಅನ್ಯಾಯ. ದಿನಗಟ್ಟಲೆ ಸುರಿದ ಮಳೆ, ರಸ್ತೆಗಾಗಿ ಬುಡ ಕಡಿದು ಕಡಿದಾಗಿಸಿದ ಇಳಿಜಾರು, ಇವು ಕಣ್ಣೆದುರಿನ ಕಾರಣ. ನಮ್ಮ ಗುಡ್ಡಗಳ ಗುಣವನ್ನೂ ಮರೆಯಬಾರದು. ಗಟ್ಟಿ ಚಿರೆಕಲ್ಲಿನ ಕೆಳಗೆ ಶೇಡಿ ಇರುತ್ತದೆ ಅಂದೆನಲ್ಲ, ನೀರು ಕುಡಿದ ಶೇಡಿ ಸಾಬೂನಿನ ಹಾಗೆ. ಬುಡ ಕಡಿದರೆ ಮೇಲಿನ ಭಾರಕ್ಕೆ ಆಧಾರವೇ ಇಲ್ಲ. ಪದರ ಪದರದ ಕಲ್ಲು ರಸ್ತೆಯ ಕಡೆಗೇ ಓಲಿದ್ದರೆ ಇನ್ನೂ ಕಷ್ಟ. ರಸ್ತೆ ಮಾಡುವ ಮೊದಲು ಕಲ್ಲು ಯಾವ ಕಡೆ ಓಲಿದೆ ಅಂತ ನೋಡುವುದಕ್ಕೆ ಒಂದು ದಿನ, ಒಂದು ದಿಕ್ಸೂಚಿ ಸಾಕು.

ಯಾಣದ ಕಪ್ಪು ಬಂಡೆಗಳು ಲಾವಾ ಅಲ್ವಾ? ಸುಟ್ಟ ಹಾಗಿವೆ.

ಅಲ್ಲ, ಸುಣ್ಣದ ಕಲ್ಲು. ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಮೋಹಿನಿ ಶಿಖರ ಸುಮಾರು 90. ಮಳೆನೀರು ಕರಗಿಸಿ ಕರಗಿಸಿ ಉಳಿದ ಚೂಪು ಅದು. ಭಸ್ಮಾಸುರನ ಕಥೆಗೆ ಕಪ್ಪು ಬಣ್ಣ ಒಪ್ಪುತ್ತದೆ ಅಷ್ಟೇ.

ಮಕ್ಕಳನ್ನು ಕರೆದುಕೊಂಡು ಇದನ್ನೆಲ್ಲ ನೋಡಬೇಕಾದರೆ?

ಡಿಸೆಂಬರ್, ಜನವರಿ ಒಳ್ಳೆಯದು. ಮೊದಲ ದಿನ ಶಿರಸಿಯಿಂದ ದೇವಿಮನೆ ಘಟ್ಟ ಇಳಿಯಿರಿ, ತಿರುವಿನಲ್ಲಿ ಗಾಡಿ ನಿಲ್ಲಿಸಬೇಡಿ, ಅಗಲ ಇರುವ ಕಡೆ ನಿಲ್ಲಿಸಿ. ಕಡಿದ ಗುಡ್ಡದ ತೀರಾ ಬುಡಕ್ಕೆ ಹೋಗುವುದು ಬೇಡ, ಉದುರಿದ ತುಂಡು ಚರಂಡಿ ಪಕ್ಕದಲ್ಲೇ ಸಿಗುತ್ತದೆ. ಸಂಜೆ ಕುಮಟೆಯಲ್ಲಿ ಉಳಿದು ಮರುದಿನ ಕರಾವಳಿ ಹಿಡಿದು ಮಲ್ಪೆ. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ದ್ವೀಪದಲ್ಲಿ ನೆರಳು ಕಡಿಮೆ, ಟೋಪಿ ಇರಲಿ. ಪಾಚಿ ಕಟ್ಟಿದ ಕಂಬಗಳ ಮೇಲೆ ಚಪ್ಪಲಿ ಜಾರುತ್ತದೆ, ನಾನು ಬಿದ್ದು ಮೊಣಕೈ ತರಚಿಕೊಂಡಿದ್ದೇನೆ. ಮತ್ತೆ, ಅಲ್ಲಿನ ಕಲ್ಲು ಚೀಲಕ್ಕೆ ಹಾಕಿಕೊಳ್ಳಬೇಡಿ, ಅದು ಸ್ಮಾರಕ. ಕಾಗೆಬಂಗಾರ ಬೇಕಾದರೆ ದೇವಿಮನೆಯ ಚರಂಡಿಯಲ್ಲಿ ಬೇಕಾದಷ್ಟಿದೆ, ಅಂಗಿಗೆ ಮೆತ್ತಿದ್ದು ಎರಡು ಒಗೆತಕ್ಕೂ ಹೋಗುವುದಿಲ್ಲ.